ಎರಡೂ ಪ್ರತಿ ಒಂದೇ ಕಡೆ

ಶಿವಮೊಗ್ಗದ ನಮ್ಮ ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಏನೇ ಕೆಟ್ಟರೂ ಕನ್ನಡಕ ಒರೆಸಿಕೊಂಡು, "ತಡಿ ಮಾರಾಯ, ನೋಡೋಣ" ಅನ್ನುತ್ತಿದ್ದರು. ಭದ್ರಾವತಿಯ ಮುಚ್ಚಿದ ಗಿರಣಿಯೊಂದರ ಕಾರ್ಮಿಕರ ಕಡತಗಳನ್ನು ಸ್ಕ್ಯಾನ್ ಮಾಡಿ, ಹೆಸರು ಕೊಟ್ಟರೆ ಹುಡುಕಿಕೊಡುವ ವ್ಯವಸ್ಥೆಯನ್ನು ಅವರು ಬರೆದಿದ್ದರು. ನಾಲ್ಕು ಕಂಪ್ಯೂಟರುಗಳಿದ್ದವು. ಪ್ರತಿ ಕಡತದ ಎರಡು ಪ್ರತಿ ಬೇರೆ ಬೇರೆ ಕಂಪ್ಯೂಟರಿನಲ್ಲಿ ಇರಬೇಕಿತ್ತು.

ಸಿಡಿಲಿಗೆ ಒಂದು ಕಂಪ್ಯೂಟರ್ ಸುಟ್ಟಿತು. ಅದೇ ವಾರ ಜನ್ನಾಪುರದ ಹೆಂಗಸೊಬ್ಬರು ತೀರಿಕೊಂಡ ಗಂಡನ ಕಡತ ಕೇಳಿಕೊಂಡು ಬಂದರು. ಅದರಲ್ಲಿ ಅಂಟಿಸಿದ್ದ ಫೋಟೊ ಬಿಟ್ಟರೆ ಆತನ ಬೇರೆ ಫೋಟೊ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಕೆಲವು ಕಡತಗಳ ಎರಡೂ ಪ್ರತಿಗಳನ್ನು ಪ್ರೋಗ್ರಾಮು ಆ ಸುಟ್ಟ ಕಂಪ್ಯೂಟರಿನಲ್ಲೇ ಇಟ್ಟಿತ್ತು. ಮೂಲ ಕಾಗದಗಳು ಆಗಲೇ ಗೆದ್ದಲಿಗೆ ಹೋಗಿದ್ದವು.

ಮೂರು ದಿನ ಕೂತು ಅವರು ಆ ದೋಷ ಸರಿಪಡಿಸಿದರು. ಆಮೇಲೆ ನನ್ನನ್ನೂ ಕರೆದುಕೊಂಡು ಜನ್ನಾಪುರಕ್ಕೆ ಹೋದರು.

"ಫೋಟೊ ಹೋಯ್ತಮ್ಮ. ತಪ್ಪು ನಂದೇ," ಅಂದರು.

ಆಕೆ ಕೇಳಿದರು: "ಸುಡೋಕೆ ಮುಂಚೆ ನೀವು ನೋಡಿದ್ರಾ? ಹೇಗಿದ್ರು ಅದ್ರಲ್ಲಿ?"

ಸುಳ್ಳಾದರೂ ಸರಿ, ಅವರು ನೋಡಿದ್ದೆ ಅಂದುಬಿಡಲಿ ಅಂತ ನಾನು ಕಾಯುತ್ತಿದ್ದೆ.

"ಇಲ್ಲಮ್ಮ," ಅಂದರು ಅವರು. "ನೋಡಿರ್ಲಿಲ್ಲ."