ಕಣ್ಣು ಕಟ್ಟಿಕೊಂಡು ಕಾದ ಬಿಸು

ಬಿಸುವಿನ ದಿನ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಏನು ಕಾಣುತ್ತದೋ ಇಡೀ ವರ್ಷ ಹಾಗೆಯೇ ಇರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಅದು ನಿಜವಾಗಿದ್ದರೆ ನನ್ನ ವರ್ಷಗಳೆಲ್ಲ ಚಹಾದ ಬಾಯ್ಲರಿನ ಹಾಗೆ ಇರಬೇಕಿತ್ತು. ಕಲ್ಯಾಣ ಸ್ಟೇಶನ್ನಿನ ಹೊರಗಿನ ಹೋಟೆಲಿನಲ್ಲಿ ಕೆಲಸಕ್ಕಿದ್ದಷ್ಟು ಕಾಲ ಬಿಸುವಿನಂದು ನಾನು ಮೊದಲು ನೋಡಿದ್ದು ಅದನ್ನೇ. ಮೊದಲ ಲೋಕಲ್ ಹಿಡಿಯುವವರಿಗೆ ಬಿಸುವೂ ಇಲ್ಲ, ಚೌತಿಯೂ ಇಲ್ಲ, ಚಹಾ ಬೇಕು. ಹಾಗೆ ನೋಡಿದರೆ ನನ್ನ ವರ್ಷಗಳೆಲ್ಲ ಬಿಸಿಬಿಸಿಯಾಗಿಯೇ ಕಳೆದವು, ದೂರು ಹೇಳುವ ಹಾಗಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿಸು ಅಂದರೆ ತುಳುನಾಡಿನವರ ಹೊಸ ವರ್ಷ, ಎಪ್ರಿಲಿನ ನಡುವಿಗೆ ಬರುತ್ತದೆ. ಹಿಂದಿನ ಸಂಜೆ ದೇವರ ಮುಂದೆ ಬಾಳೆಲೆ ಹಾಸಿ ಅಕ್ಕಿ, ತೆಂಗಿನಕಾಯಿ, ಹಳದಿ ಸೌತೆ, ಮಾವು, ಹಲಸು, ವೀಳ್ಯ, ಒಂದಿಷ್ಟು ಚಿನ್ನ, ಎಲ್ಲದರ ಹಿಂದೆ ಒಂದು ಕನ್ನಡಿ ಇಡುತ್ತಾರೆ. ಇದಕ್ಕೆ ಕಣಿ ಎನ್ನುತ್ತಾರೆ. ಬೆಳಿಗ್ಗೆ ಮನೆಯವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿಕೊಂಡೇ ಬಂದು ಅದರ ಮುಂದೆ ಕೂತು ಕಣ್ಣು ತೆರೆಯಬೇಕು. ಮೊದಲು ಫಲ ಕಾಣಬೇಕು, ಆಮೇಲೆ ಕನ್ನಡಿಯಲ್ಲಿ ತನ್ನ ಮುಖ.

ನನ್ನ ಹೆಂಡತಿ ಕುಂದಾಪುರದ ಕಡೆಯವಳು, ನಾನು ತುಳುವ. ಅದಕ್ಕೇ ಮನೆಯಲ್ಲಿ ಕನ್ನಡ. ಅವಳು ಕಣಿ ಇಡುವುದನ್ನು ಕಲಿತದ್ದು ನನ್ನ ತಾಯಿಯಿಂದ. ಡೊಂಬಿವಲಿಯ ಚಾಳಿನ ಕೋಣೆಯಲ್ಲಿ ಪ್ರತಿ ವರ್ಷ ಅವಳೇ ಇಟ್ಟಳು, ಮಗನಿಗೆ ತೋರಿಸಿದಳು. ನಾನು ಬೆಳಕು ಹರಿಯುವ ಮೊದಲೇ ಅದರ ಎದುರಿನಿಂದಲೇ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಿದ್ದೆ. "ಬಿಸು ನಿಮ್ದ್, ಇಡೂದ್ ನಾನ್, ಕಾಂಬುಕೆ ನಿಮ್ಗ್ ಪುರ್ಸೊತ್ತಿಲ್ಲ" ಎಂದು ಅವಳು ಹೇಳುವುದು ಪಾಯಸಕ್ಕೆ ಏಲಕ್ಕಿ ಹಾಕುವಷ್ಟೇ ವಾಡಿಕೆಯಾಗಿತ್ತು.

ಕಡೆಗೂ ಹೋಟೆಲು ಬಿಟ್ಟೆ. ಆಗ ಮಗ, ಸೊಸೆ ಠಾಣೆಯ ವರ್ತಕ ನಗರದಲ್ಲಿದ್ದರು. ಸೊಸೆ ಕಲ್ಯಾಣದ ಮರಾಠಿ ಹುಡುಗಿ. ಮೊಮ್ಮಗಳು ಒಂದನೇ ಕ್ಲಾಸು, ಮೊಮ್ಮಗ ಇನ್ನೂ ಬಾಲವಾಡಿಗೆ ಹೋಗುವಷ್ಟೂ ಆಗಿರಲಿಲ್ಲ. ಈ ಎರಡು ಮಕ್ಕಳ ವಿಷಯ ಬರೆಯಲು ಕೂತರೆ ನನಗೆ ಹಾಲು ಉಕ್ಕಿದ ಹಾಗೆ ಆಗುತ್ತದೆ, ಒಲೆ ಸಣ್ಣ ಮಾಡುವುದಕ್ಕೂ ಆಗುವುದಿಲ್ಲ. ಆ ಯುಗಾದಿಗೆ, ಅಂದರೆ ಸೊಸೆಯ ಗುಡಿ ಪಾಡವಾಕ್ಕೆ, ಅವರ ಮನೆಗೆ ಹೋಗಿದ್ದೆವು. ಕಿಟಕಿಗೆ ಕೋಲಿಗೇರಿಸಿದ ರೇಷ್ಮೆ ಬಟ್ಟೆಯ ಗುಡಿ ಕಟ್ಟಿ ಸೊಸೆ ಮಕ್ಕಳ ಬಾಯಿಗೆ ಬೇವು, ಬೆಲ್ಲ ಇಟ್ಟಳು. ನಾನು ಕಲ್ಯಾಣ ಸ್ಟೇಶನ್ನಿನ ಹೊರಗೆ ಸಣ್ಣವನಿಗೆಂದು ಹೆಜ್ಜೆ ಇಟ್ಟರೆ ಪೀಂ ಪೀಂ ಎನ್ನುವ ಚಪ್ಪಲಿ ತೆಗೆದುಕೊಂಡು ಹೋಗಿದ್ದೆ. ಅವನು ಅದನ್ನು ಹಾಕಿದವನು ಮಲಗುವಾಗಲೂ ತೆಗೆಯಲಿಲ್ಲ. ಕೆಳಗಿನ ಮನೆಯವರು ಮೇಲೆ ಬಂದು ಇದೇನು ಸದ್ದು ಎಂದು ಕೇಳಿ ಹೋದರು.

ಇನ್ನೊಂದು ಹೊಸ ವರ್ಷ ಬರುವುದುಂಟು, ಅದು ನಮ್ಮ ಮನೆಯಲ್ಲಿ ಎಂದು ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ.

"ಪುನ್ಹಾ ನವೀನ್ ವರ್ಷ? ದೋನದಾ?" ಎಂದಳು. ಎರಡು ಸಲ ಹೊಸ ವರ್ಷ ಬರುವ ಮನೆಯಲ್ಲಿ ಹುಟ್ಟಿದ್ದೇನೆಂದು ಅವಳಿಗೆ ಆವತ್ತೇ ಗೊತ್ತಾದದ್ದು.

ಅಲ್ಲೇ ನಿಶ್ಚಯ ಮಾಡಿಬಿಟ್ಟೆ. ಈ ಸಲ ನಾನು ಕಣಿ ನೋಡುವುದು, ಅದೂ ಈ ಇಬ್ಬರ ಜೊತೆಗೇ ನೋಡುವುದು. ಮುನ್ನಾದಿನ ಸಂಜೆ ಅವರು ಬಂದು ನಮ್ಮಲ್ಲಿ ಮಲಗುವುದು, ಬೆಳಿಗ್ಗೆ ಕಣಿ, ಊಟ ಕಟ್ಟಿಕೊಂಡು ಎಲ್ಲರೂ ಬದಲಾಪುರಕ್ಕೆ. ಅಲ್ಲಿ ನನ್ನ ಜೊತೆ ದೋಸೆ ಹುಯ್ಯುತ್ತಿದ್ದ ಗೆಳೆಯ ತುಂಡು ಜಾಗ ಮಾಡಿಕೊಂಡಿದ್ದ. ಮಾವಿನ ಮರ, ಬಾವಿ ಇತ್ತು.

ಸಾಮಾನು ಕೂಡಿಸಲು ನಾನು ಓಡಾಡಿದ್ದನ್ನು ನೋಡಿ ಚಾಳಿನವರು ಮನೆಯಲ್ಲಿ ಮದುವೆಯಾ ಎಂದು ಕೇಳಿದರು. ಹಳದಿ ಸೌತೆ ನಮ್ಮವರ ಅಂಗಡಿಯಲ್ಲಿ ಸಿಕ್ಕಿತು. ಮಾವಿನ ಗೊಂಚಲನ್ನು ಎಲೆ ಸಮೇತ ಬದಲಾಪುರದಿಂದ ತಂದೆ. ಲೋಕಲಿನಲ್ಲಿ ತಲೆಯ ಮೇಲೆ ಹಿಡಿದು ನಿಂತದ್ದಕ್ಕೆ ಒಬ್ಬ, "ಕಾಕಾ, ಝಾಡ್ ಘೇಊನ್ ಚಾಲಲಾತ್ ಕಾ," ಮರವನ್ನೇ ಹೊತ್ತು ಹೋಗುತ್ತೀರಾ, ಎಂದ. ಕಣಿಗೆ ಬೇಕಾದ ಹಿಂಗಾರ, ಅಡಿಕೆಯ ಹೂಗೊಂಚಲು, ಮಾತ್ರ ಎಲ್ಲಿಯೂ ಸಿಗಲಿಲ್ಲ. "ಹಿಂಗಾರ ಇಲ್ದಿರೆ ಬಿಸು ವಾಪಾಸ್ ಹೋತಿಲ್ಲ, ಮಲ್ಲಿಗೆ ಇಡ್ತೆ" ಎಂದು ಹೆಂಡತಿ ಮುಗಿಸಿದಳು.

ಸಂಜೆ ಕಣಿ ಇಟ್ಟಾಯಿತು. ಅಷ್ಟರಲ್ಲಿ ಕೆಳಗಿನ ಕಿರಾಣಿ ಅಂಗಡಿಯಿಂದ, ನಿಮಗೆ ಫೋನ್ ಎಂದು ಕೂಗಿದರು. ಓಡಿದೆ. ಮಗ. ಸಣ್ಣವನಿಗೆ ಮಧ್ಯಾಹ್ನದಿಂದ ಮೈ ಸುಡುತ್ತಿದೆ, ಡಾಕ್ಟರು ಔಷಧ ಕೊಟ್ಟಿದ್ದಾರೆ, ಇವತ್ತು ಬರುವುದಿಲ್ಲ, ಜ್ವರ ಇಳಿದರೆ ನಾಳೆ ನೋಡುವ ಎಂದ. ಹಿಂದೆ ಮೊಮ್ಮಗಳು ಅಳುವುದು ಕೇಳುತ್ತಿತ್ತು. ಮಗ ಅವಳ ಕೈಗೆ ಫೋನು ಕೊಟ್ಟ.

"ಆಜೋಬಾ, ಮಗ ಕಣೀ?" ಎಂದಳು. ಅಜ್ಜಾ, ಹಾಗಾದರೆ ಕಣಿ ಏನಾಯಿತು ಎಂದು.

ಅಳುವ ಮಗುವಿಗೆ ಏನು ಹೇಳುವುದು. "ನಾಳೆ ಎದ್ದ ಮೇಲೆ ಕಣ್ಣು ತೆರೆಯಬೇಡ ಮಗಾ. ಇಲ್ಲಿಗೆ ಬಂದು ತೆರೆ. ನಾನೂ ತೆರೆಯುವುದಿಲ್ಲ" ಎಂದೆ. ಅವಳ ಅಳು ನಿಂತಿತು. ಅಷ್ಟೇ ಸಾಕಾಗಿತ್ತು ನನಗೆ.

ಬೆಳಿಗ್ಗೆ ಹೆಂಡತಿ ದೀಪ ಹಚ್ಚಿ ನನ್ನನ್ನು ತಟ್ಟಿದಳು. "ಹ್ವಾಯ್, ಬನ್ನಿ. ಕಣ್ಣ್ ಮುಚ್ಕಂಡೇ ಬನ್ನಿ."

"ನಾನು ಈಗ ನೋಡುವುದಿಲ್ಲ. ಮಕ್ಕಳು ಬರಲಿ."

"ಮಕ್ಳ್ ಬತ್ರೋ ಇಲ್ಯೋ. ಅಲ್ಲಿವರೆಗೆ ಎಂತ, ಹೀಂಗೇ ಕೂಕಂತ್ರ್ಯಾ?"

"ಮಾತು ಕೊಟ್ಟಾಗಿದೆ ಮಾರಾಯ್ತಿ. ಅವಳು ಅಲ್ಲಿ ಮುಚ್ಚಿಕೊಂಡಿದ್ದು ನಾನು ಇಲ್ಲಿ ಬಿಟ್ಟುಕೊಂಡಿದ್ದರೆ ಆದೀತಾ?"

"ಆ ಮಗು ನಿನ್ನೆ ರಾತ್ರಿಯೇ ಮರ್ತಿರತ್ತ್."

ಆದರೂ ಅವಳೇ ಮೈ ಒರೆಸುವ ಬೈರಾಸು ತಂದು ನನ್ನ ಕಣ್ಣಿಗೆ ಕಟ್ಟಿದಳು. ರೆಪ್ಪೆಯನ್ನು ನಂಬುವ ಹಾಗಿಲ್ಲವಂತೆ. ನಮ್ಮ ಚಾಳಿನ ಪಾಯಖಾನೆ ಗ್ಯಾಲರಿಯ ಆ ತುದಿಯಲ್ಲಿ. ನನ್ನ ಕೈ ಹಿಡಿದುಕೊಂಡು ಅಲ್ಲಿಯವರೆಗೂ ನಡೆಸಿದಳು, ವಾಪಾಸೂ ಕರೆತಂದಳು. ಮದುವೆಯಾದ ಮೇಲೆ ಹತ್ತು ಜನರ ಎದುರು ನಾವು ಕೈ ಹಿಡಿದು ನಡೆದದ್ದು ಅದೇ ಮೊದಲು. ಪಕ್ಕದ ಮನೆಯ ಮರಾಠಿ ಅಜ್ಜಿ ಹೆಂಡತಿಯನ್ನು ಕರೆದು ಮೆಲ್ಲಗೆ, ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಆಪರೇಶನ್ ಯಾವಾಗ ಆಯಿತು, ನಮಗೆ ಹೇಳಲೂ ಇಲ್ಲವಲ್ಲ ಎಂದು ಬೇಸರ ಮಾಡಿಕೊಂಡಳು.

"ಕಣ್ಣಿಗ್ ಎಂತ ಆಯ್ಲಿಲ್ಲ. ತಲೆಗ್ ಆಯ್ತ್" ಎಂದು ನನ್ನ ಹೆಂಡತಿ ಕನ್ನಡದಲ್ಲೇ ಉತ್ತರ ಕೊಟ್ಟಳು.

ಬಾಗಿಲ ಬಳಿ ಚಾಪೆಯ ಮೇಲೆ ಕೂತೆ. ಕಣ್ಣು ಕಟ್ಟಿಕೊಂಡರೆ ಡೊಂಬಿವಲಿ ಎಷ್ಟು ದೊಡ್ಡದು ಎಂದು ಆಗ ತಿಳಿಯಿತು. ಅಂದು ಸರಕಾರಿ ರಜೆ, ಎಪ್ರಿಲ್ ಹದಿನಾಲ್ಕರ ಜಯಂತಿಯ ನೀಲಿ ಬಾವುಟ ಕಟ್ಟುವವರು ಬೀದಿಯಲ್ಲಿ ಏಣಿ ಎಳೆಯುತ್ತಿದ್ದರು, ಎಲ್ಲೋ ಲೌಡ್ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದರು. ಗಾಡಿ ಬಂದಾಗಲೆಲ್ಲ, ಇದು ಠಾಣೆ ಕಡೆಯಿಂದ ಬಂದದ್ದು, ಈಗ ಇಳಿದರು, ಈಗ ಪೂಲು, ಅಂದರೆ ಸ್ಟೇಶನ್ನಿನ ಸೇತುವೆ, ಹತ್ತಿದರು, ಈಗ ರಿಕ್ಷಾ, ಈಗ ನಮ್ಮ ಮೆಟ್ಟಿಲು ಎಂದು ಮನಸ್ಸಿನಲ್ಲೇ ಅವರನ್ನು ಕರೆತರುತ್ತಿದ್ದೆ. ಮೆಟ್ಟಿಲಲ್ಲಿ ಯಾರೂ ಬರುತ್ತಿರಲಿಲ್ಲ. ಇನ್ನೊಂದು ಗಾಡಿಗೆ ಮತ್ತೆ ಮೊದಲಿಂದ.

ರಜೆಯಾದ್ದರಿಂದ ಕೆಳಗಿನ ಅಂಗಡಿ ತೆರೆದಿರಲಿಲ್ಲ. ಫೋನೂ ಇಲ್ಲ. ಬಿಸಿಲು ಹೊಸ್ತಿಲು ದಾಟಿ ನನ್ನ ಪಾದಕ್ಕೆ ಬಂತು, ಆಮೇಲೆ ಮೊಣಕಾಲಿಗೆ. ಹೆಂಡತಿ ಪಲ್ಯ ಮಾಡಿ ಇಳಿಸಿದಳು, ಪಾಯಸವೂ ಆಯಿತು. ಪಕ್ಕದಲ್ಲಿ ಬಂದು ಕೂತಳು. ಈ ಸಲ ಹಾಸ್ಯ ಇರಲಿಲ್ಲ.

"ಜ್ವರ ಇಳೀಲಿಲ್ಲ ಕಾಣತ್ತ್. ಇಳ್ದಿರೆ ಇಷ್ಟೊತ್ತಿಗೆ ಬತ್ತಿದ್ರ್. ಬಿಚ್ಚಿ ಇನ್ನ್. ಕಣಿ ಕಂಡ್, ಎರಡ್ ತುತ್ತ್ ತಿನ್ನಿ. ನಾವೇ ಠಾಣೆಗ್ ಹೋಪ."

ಅವಳ ಮಾತು ಸರಿಯಾಗಿತ್ತು. ಕಣಿಯ ಆಸೆಯಲ್ಲಿ ಕೂತವನು ನಾನು. ಅಲ್ಲಿ ಪುಟ್ಟದೊಂದು ಮೈ ಸುಡುತ್ತಾ ಮಲಗಿದ್ದರೆ ನನ್ನ ಈ ಬೈರಾಸಿಗೆ ಏನು ಅರ್ಥ. ಮಕ್ಕಳಿಲ್ಲದೆ ಕಣ್ಣು ತೆರೆದು ಆ ಕನ್ನಡಿಯಲ್ಲಿ ನನ್ನ ಮುಖವೊಂದನ್ನೇ ನೋಡಬೇಕಲ್ಲ. ಬಾಯ್ಲರಾದರೂ ವಾಸಿಯಿತ್ತು ಅನ್ನಿಸಿತು. ಕೈ ಹಿಂದೆ ತೆಗೆದುಕೊಂಡು ಹೋಗಿ ಗಂಟು ಹುಡುಕಿದೆ.

ಪೀಂ.

ಕೈ ಅಲ್ಲೇ ನಿಂತಿತು. ಗ್ಯಾಲರಿಯ ಆ ತುದಿಯಲ್ಲಿ ಇನ್ನೊಂದು ಪೀಂ. ಆಮೇಲೆ ಪೀಂ ಪೀಂ ಪೀಂ ಪೀಂ ಎಂದು ಓಡಿಕೊಂಡೇ ಬಂತು. ಜ್ವರ ಇರುವ ಮಗುವನ್ನು ಎತ್ತಿಕೊಂಡು ಬರುತ್ತಾರೆ, ಅದು ಹೀಗೆ ಓಡುವುದಿಲ್ಲ. ಕಣ್ಣು ಕಟ್ಟಿಕೊಂಡೇ ನನಗೆ ಎಲ್ಲ ಕಂಡುಬಿಟ್ಟಿತು. ನನ್ನ ಎದೆಗೆ ಒಂದು ತಲೆ ಬಂದು ಗುದ್ದಿತು. ಹಣೆ ಮುಟ್ಟಿ ನೋಡಿದೆ. ಬೆವರಿ ತಣ್ಣಗಿತ್ತು, ಗಡಿಗೆಯ ಹೊಟ್ಟೆಯ ಹಾಗೆ.

ಹಿಂದೆಯೇ ಸೊಸೆಯ ಬಳೆಯ ಸದ್ದು, ಅದರ ಹಿಂದೆ ಮಗನ ಹೆಜ್ಜೆ. ಸೊಸೆ ನನ್ನನ್ನು ನೋಡಿ ನಕ್ಕೇ ನಕ್ಕಳು. ಅವಳ ಕನ್ನಡ ನಮ್ಮ ಮನೆಗೆ ಬಂದ ಮೇಲೆ ಕಲಿತದ್ದು, ಅರ್ಧ ಮರಾಠಿ. "ಬಾಬಾ, ತುಮ್ಹೀ ಸುದ್ಧಾ? ನೀವೂನಾ? ಇವಳೂ ಎದ್ದಾಗಿಂದ ಕಣ್ಣು ಬಿಟ್ಟೇ ಇಲ್ಲ. ಹಲ್ಲು ನಾನೇ ತಿಕ್ಕಿದೆ, ಫ್ರಾಕ್ ನಾನೇ ಹಾಕಿದೆ. ಕರ್ಚೀಫ್ ಕಟ್ಟು ಅಂತ ಹಟ. ವರ್ತಕ ನಗರದಿಂದ ಬಸ್, ಲೋಕಲ್, ಎಲ್ಲಾ ಹೀಗೇ."

ಮೊಮ್ಮಗಳ ಕೈ ತಡವಿ ನನ್ನ ಮುಖಕ್ಕೆ ಬಂತು, ಬೈರಾಸನ್ನು ಮುಟ್ಟಿತು. "ಖರಂಚ್ ಬಾಂಧಲಂಯ್," ನಿಜವಾಗಿಯೂ ಕಟ್ಟಿಕೊಂಡಿದ್ದಾರೆ, ಎಂದು ಅಮ್ಮನಿಗೆ ಹೇಳಿದಳು. ನಾನು ಮಾತು ತಪ್ಪುತ್ತೇನೋ ಎಂದು ಅವಳಿಗೂ ಸಂಶಯ ಇದ್ದಿರಬೇಕು.

ಲೋಕಲಿನ ಹೆಂಗಸರ ಡಬ್ಬಿಯ ಕಥೆಯನ್ನು ಸೊಸೆ ಆಗಲೇ ಹೇಳಿದಳು. ಎಲ್ಲರೂ ಮಗುವಿಗೆ ಏನಾಗಿದೆ ಎಂದು ಕೇಳಿದರಂತೆ. ಸೊಸೆ ಕಣಿ ಎಂದರೆ ಹೀಗೆ, ಅಜ್ಜನ ಮನೆಯಲ್ಲಿ ಇಟ್ಟಿದ್ದಾರೆ ಎಂದು ವಿವರಿಸಿದ್ದಾಳೆ. ತನ್ನ ತವರಿನ ಪದ್ಧತಿಯಲ್ಲ, ತಾನೂ ಒಮ್ಮೆಯೂ ನೋಡಿದವಳಲ್ಲ, ಆದರೂ ವಿವರಿಸಿದ್ದಾಳೆ. ಕಿಟಕಿಯ ಬಳಿ ಕೂತಿದ್ದ ಮೀನಿನ ಬುಟ್ಟಿಯವಳು ಎದ್ದು ಜಾಗ ಬಿಟ್ಟಳಂತೆ. ಕಾಣದವಳಿಗೆ ಕಿಟಕಿ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, ನಾನು ಹೇಳುತ್ತೇನೆ ಅವಳು ನೋಡುತ್ತಾಳೆ ಎಂದು ಆ ಹೆಂಗಸು ಶುರು ಮಾಡಿದಳಂತೆ. ಈಗ ಖಾಡಿ, ಸಮುದ್ರದ ಹಿನ್ನೀರು, ಬಂತು, ನೀರು ಇಳಿದಿದೆ, ಕೆಸರಲ್ಲಿ ಕೊಕ್ಕರೆ ನಿಂತಿದೆ. ಈಗ ಮುಂಬ್ರದ ಗುಡ್ಡ, ಅರ್ಧದಲ್ಲಿ ದೇವಿಯ ಗುಡಿ. ದಿವಾ ಬರುವಷ್ಟರಲ್ಲಿ ಡಬ್ಬಿಯ ಹೆಂಗಸರೆಲ್ಲ ಸೇರಿ ಹೇಳುತ್ತಿದ್ದರಂತೆ.

"ಅಷ್ಟೇ ಅಲ್ಲ ಬಾಬಾ, ಪೂಲಿನ ಮೇಲೆ ಒಬ್ಬ ಆಜಿ ಇವಳ ಕೈಗೆ ನಾಣ್ಯ ಇಟ್ಟು ಹೋದರು. ಆಂಧಳೀ ನಾಹೀ ಹೋ, ಕುರುಡಿ ಅಲ್ಲ ಅಂದೆ. 'ಅಸೂ ದೇ,' ಇರಲಿ ಬಿಡು, ಅಂತ ಹೋಗೇಬಿಟ್ಟರು. ನನಗೆ ಲಾಜ್, ನಾಚಿಕೆ."

ನಾಣ್ಯ ಇನ್ನೂ ಮೊಮ್ಮಗಳ ಮುಷ್ಟಿಯಲ್ಲೇ ಇತ್ತು. ಹೆಂಡತಿ ಅದನ್ನು ತೆಗೆದು ಕಣಿಯಲ್ಲಿ ತನ್ನ ಚಿನ್ನದ ಬಳೆಯ ಪಕ್ಕ ಇಟ್ಟಳು. "ಕೇಳ್ದೆ ಬಂದ ಲಕ್ಷ್ಮಿ," ಎಂದಳು.

ನಮ್ಮಿಬ್ಬರನ್ನೂ ನಡೆಸಿಕೊಂಡು ಹೋಗಿ ಮಣೆಯ ಮೇಲೆ ಅಕ್ಕಪಕ್ಕ ಕೂರಿಸಿದರು. ಸಣ್ಣವನಿಗೆ ಯಾವ ನೇಮವೂ ಇಲ್ಲ. ಅವನು ಮುಂದೆ ನಿಂತು "ಆಂಬಾ, ನಾರಳ್, ಹೇ ಕಾಯ್," ಮಾವು, ತೆಂಗಿನಕಾಯಿ, ಇದೇನು, ಎಂದು ಗುಟ್ಟನ್ನೆಲ್ಲ ಹೊರಗೆ ಹಾಕುತ್ತಿದ್ದ. ಹೆಂಡತಿ ಎರಡೂ ಗಂಟು ಬಿಚ್ಚಿದಳು. "ಹಾಂ, ಈಗ ಬಿಡಿ."

ನಾನು ಎಷ್ಟೋ ವರ್ಷ ಕಾದದ್ದು ಆ ಒಂದು ಗಳಿಗೆಗೆ. ಆದರೆ ಕಣ್ಣು ಬಿಡುವಾಗ, ಮಗು ಬಿಟ್ಟಿತೋ ಇಲ್ಲವೋ ನೋಡುವ ಎಂದು ನನ್ನ ಕತ್ತು ತಾನಾಗಿಯೇ ಪಕ್ಕಕ್ಕೆ ತಿರುಗಿತು. ಅವಳದೂ ತಿರುಗಿತ್ತು. ಅಜ್ಜ ಮೊದಲು ಬಿಡಲಿ ಎಂದು ಅವಳು ಅರ್ಧ ಕಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಳು. ಹಣೆಯ ಮೇಲೆ ಕರ್ಚೀಫಿನ ಗೆರೆ, ಕೆನ್ನೆಗೆ ಅಂಟಿದ ಕೂದಲು, ಬಿದ್ದುಹೋದ ಮುಂದಿನ ಹಲ್ಲು.

"ಅಯ್ಯೋ, ಬೆಳಿಗ್ಗಿಂದ ಕಟ್ಕಂಡ್ ಕೂತ್ಕಂಡ್ ಕಡಿಕೆ ಕಂಡದ್ ಇದನ್ನಾ?" ಹೆಂಡತಿ ನಮ್ಮ ಎರಡೂ ತಲೆ ಹಿಡಿದು ಕಣಿಯ ಕಡೆಗೆ ತಿರುಗಿಸಿದಳು. "ಈಗ್ ಕಾಣಿ. ದೇವ್ರಿಗ್ ಗೊತ್ತಾತಿಲ್ಲ."

ನೋಡಿದೆವು. ಮಾವು, ಸೌತೆ, ಮಲ್ಲಿಗೆ, ನಾಣ್ಯ. ಕನ್ನಡಿ ಸಣ್ಣದು, ಅದರಲ್ಲಿ ನನ್ನ ಒಂದು ಕಿವಿ, ಅವಳ ನಗು, ನಡುವೆ ತೂರಿದ ಸಣ್ಣವನ ಮೂಗು. ಬಾಗಿಲಲ್ಲೇ ನಿಂತಿದ್ದ ಸೊಸೆಯನ್ನು ಹೆಂಡತಿ ಕೈ ಹಿಡಿದು ತಂದು ಕೂರಿಸಿ, ಅವಳ ಕಣ್ಣನ್ನು ತನ್ನ ಅಂಗೈಯಿಂದಲೇ ಮುಚ್ಚಿ ತೆರೆದಳು.

ಮಧ್ಯಾಹ್ನದ ಗಾಡಿಗೆ ಬದಲಾಪುರಕ್ಕೆ ಹೋದೆವು. ಗೆಳೆಯನ ಮಾವಿನ ಮರದ ಕೆಳಗೆ ಚಾದರ ಹಾಸಿ ಪಾಯಸ ಉಂಡಾಯಿತು. ಸಣ್ಣವ ಬಾವಿಯ ಹತ್ತಿರದ ಕೆಸರಿಗೆ ಇಳಿದು ಚಪ್ಪಲಿಗೆ ನೀರು ತುಂಬಿಸಿಕೊಂಡ. ಪೀಂ ಹೋಗಿ ಬುಳುಕ್ ಬುಳುಕ್ ಆಯಿತು. ಮಗ ಅದನ್ನು ಒಣಗಿಸಲು ಕೂತ. ಮೊಮ್ಮಗಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಕರ್ಚೀಫನ್ನು ಮತ್ತೆ ಕಣ್ಣಿನ ಮೇಲೆ ಎಳೆದುಕೊಂಡಳು.

"ಆಜೋಬಾ, ಆತಾ ತುಮ್ಹೀ ಸಾಂಗಾ." ಈಗ ನೀವು ಹೇಳಿ.

ಆ ಮೀನಿನವಳ ಹಾಗೆ ಹೇಳಬೇಕು, ಅವಳು ನೋಡುತ್ತಾಳೆ. ಯಾವಾಗಲೂ ಮರಾಠಿಯಲ್ಲಿ ಹೇಳಿ ಎನ್ನುವವಳು ಆವತ್ತು ಹಾಗೆ ಅನ್ನಲಿಲ್ಲ. ನಾನು ಕನ್ನಡದಲ್ಲೇ ಶುರು ಮಾಡಿದೆ. ಮೇಲೆ ಮಾವಿನ ಮರ ಉಂಟು ಮಗಾ, ಕಾಯಿ ನಿನ್ನ ಮುಷ್ಟಿಯಷ್ಟು. ಒಂದು ಅಳಿಲು ಕೆಳಗೆ ಇಳಿಯುವುದೋ ಬೇಡವೋ ಎಂದು ನೋಡುತ್ತಾ ಉಂಟು. ನಿನ್ನ ಅಜ್ಜಿ ಸೆರಗು ಮುಖಕ್ಕೆ ಹಾಕಿಕೊಂಡು ಮಲಗಿದ್ದಾಳೆ, ಗೊರಕೆ ನಿನಗೇ ಕೇಳುತ್ತದೆ. ನಿನ್ನ ಅಮ್ಮ ಮಾವಿನಕಾಯಿಗೆ ಉಪ್ಪು ಖಾರ ಹಚ್ಚುತ್ತಿದ್ದಾಳೆ.

"ಅಳಿಲು," ಎಂದಳು ಅವಳು ಕರ್ಚೀಫಿನ ಕೆಳಗಿನಿಂದ, ನಾಲಗೆ ಹೊರಳಿಸಿ ನೋಡುತ್ತಾ. "ಆಣಿ?"

ಮತ್ತೆ ಏನು ಎಂದು ಕೇಳುತ್ತಿದ್ದಳು. ಹೇಳುವುದು ಇನ್ನೂ ಬೇಕಾದಷ್ಟಿತ್ತು. ಹೇಳುತ್ತಾ ಹೋದೆ.