ಹಳದಿ ಪಿನ್ನೂ ಅಕ್ಕನ ಕಣ್ಣೂ

ಮೊಳಕಾಲ್ಮೂರಿನ ನನ್ನ ಅಕ್ಕ ತನ್ನ ಮೊಮ್ಮಗಳ ಮದುವೆಯ ಸಿ.ಡಿ.ಯನ್ನು ಟಿ.ವಿ.ಯಲ್ಲಿ ನೋಡುತ್ತ, "ಇದು ನಾನು ಬಣ್ಣ ಹಾಕ್ಸಿದ ಸೀರೆ ಅಲ್ಲ" ಎಂದಳಂತೆ. ಮನೆಯವರೆಲ್ಲ ನಕ್ಕರಂತೆ. ಮದುಮಗಳು ಅದೇ, ಮಂಟಪ ಅದೇ, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತ ಅಜ್ಜಿಯ ತಮ್ಮ ನಾನೇ. ಸೀರೆಯೊಂದು ಮಾತ್ರ ಬೇರೆಯಾಗಲು ಹೇಗೆ ಸಾಧ್ಯ? ಆದರೆ ಅಕ್ಕ ನಗಲಿಲ್ಲ. ಗಿಣಿ ಹಸಿರಿನ ಆ ಸೀರೆ ಅವಳ ಕಣ್ಣಿಗೆ ಒಣಗಿದ ಹುಣಸೆ ಎಲೆಯ ಹಾಗೆ ಕಂಡಿತ್ತು. ಅವಳ ಒಂದು ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನಗಳಾಗಿರಲಿಲ್ಲ.

ಅಕ್ಕನ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿದ್ದವು. ಭಾವ ತೀರಿಕೊಂಡ ಮೇಲೆ ನೇಯ್ಗೆಯನ್ನು ಮಗ ನೋಡಿಕೊಳ್ಳುತ್ತಿದ್ದ. ಆದರೆ ಯಾವ ಹಾಸಿನ ಉದ್ದೆಳೆಗೆ ಯಾವ ಹೊಕ್ಕಿನ ಅಡ್ಡೆಳೆ, ಸೀರೆಯ ಯಾವ ಮೈಗೆ ಯಾವ ಅಂಚು ಎಂಬ ತೀರ್ಮಾನ ಅಕ್ಕನದೇ ಆಗಿತ್ತು. ಬಣ್ಣ ಹಾಕಿಸಿ ತಂದ ನೂಲಿನ ಲಡಿಗಳನ್ನು ಬೆಳಗಿನ ಹೊತ್ತು ತಲೆಬಾಗಿಲ ಹೊಸ್ತಿಲಲ್ಲಿ ಹಿಡಿದು ನೋಡಿ, "ಇದು ಕೂಡ್ತೈತೆ, ಇದು ಕೂಡಲ್ಲ" ಎಂದು ಅವಳು ಹೇಳಿದರೆ ಅಲ್ಲಿಗೆ ಮುಗಿಯಿತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ನೋಡುವವರನ್ನು ಅವಳು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ.

ಈ ಸುದ್ದಿಯೊಂದಿಗೆ ಅಕ್ಕನ ಮಗ ಒಂದು ದಿನ ಚಳ್ಳಕೆರೆಗೆ ಬಂದ. ಟಿ.ವಿ.ಗೂ ಸಿ.ಡಿ. ಪ್ಲೇಯರಿಗೂ ನಡುವೆ ಹಾಕುವ ಒಳ್ಳೆಯ ಕೇಬಲ್ ಬೇಕಾಗಿತ್ತು ಅವನಿಗೆ. ಹಳದಿ, ಕೆಂಪು, ಬಿಳಿ ಪಿನ್ನುಗಳಿರುವ ಆ ಕೇಬಲ್ ಪ್ಲೇಯರಿನ ಜೊತೆಗೇ ಬಂದಿತ್ತು. ಪುಕ್ಕಟೆಯಾಗಿ ಬಂದದ್ದು ಒಳ್ಳೆಯದಿರಲಾರದು ಎಂದು ಯಾರೋ ಅವನಿಗೆ ಹೇಳಿದ್ದರು. ನಾನು ಅವನನ್ನು ನನಗೆ ಪರಿಚಯವಿದ್ದ ಸಾಬರ ಅಂಗಡಿಗೆ ಕರೆದುಕೊಂಡು ಹೋದೆ. ಅವರು ರೇಡಿಯೋ ರಿಪೇರಿಯಿಂದ ಶುರುಮಾಡಿ ಟಿ.ವಿ. ಮಾರಾಟದವರೆಗೆ ಬೆಳೆದವರು. ನನ್ನನ್ನು ಕಂಡೊಡನೆ ನಕ್ಕರು.

"ಬರ್ರಿ ಯಜಮಾನ್ರೆ. ಇವತ್ತು ಯಾವುದ್ರ ಮ್ಯಾಲೆ ಅನುಮಾನ?"

ಅವರು ಹಾಗೆ ಕೇಳುವುದಕ್ಕೆ ಕಾರಣವಿತ್ತು. ನಾನು ಎಣ್ಣೆ ಮಿಲ್ಲಿನಲ್ಲಿ ಯಂತ್ರಗಳ ಜೊತೆ ಆಯುಷ್ಯ ಕಳೆದವನು. ಶಾಲೆ ಬಿಟ್ಟದ್ದು ಚಿಕ್ಕಂದಿನಲ್ಲೇ. ಆಮೇಲೆ ಓದಿದ್ದೆಲ್ಲ ಗ್ರಂಥಾಲಯದ ಬೆಂಚಿನ ಮೇಲೆ, ಕೇಳುವವರಿಲ್ಲದೆ, ಹೇಳಿಕೊಡುವವರಿಲ್ಲದೆ. ಹಾಗೆ ಓದಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ತಾನೇ ನೋಡದ ಹೊರತು ಒಪ್ಪದಿರುವುದು. ಸಿದ್ದಾಪುರದ ಬಳಿಯ ಶಾಸನದ ಬಂಡೆಯ ಕೆಳಗೆ ನಿಧಿಯಿದೆ ಎಂದವರ ಜೊತೆ ಜಗಳವಾಡಿ, ಅದರ ಮೇಲಿರುವುದು ತಂದೆತಾಯಿಯ ಮಾತು ಕೇಳಿರಿ, ನಿಜ ನುಡಿಯಿರಿ ಎಂಬ ಬುದ್ಧಿಮಾತು ಎಂದು ಪುಸ್ತಕ ತಂದು ತೋರಿಸಿದವನು ನಾನು. ದುಬಾರಿ ಕೇಬಲ್ಲುಗಳ ಬಗ್ಗೆಯೂ ಸಾಬರ ಜೊತೆ ವಾದವಾಗಿತ್ತು. ಮೊಳದುದ್ದದ ದಾರಿಯಲ್ಲಿ ನಡೆಯುವ ವಿದ್ಯುತ್ತಿಗೆ ಚಿನ್ನದ ಚಪ್ಪಲಿ ಯಾಕೆ ಎಂಬುದು ನನ್ನ ಪ್ರಶ್ನೆ.

ಸಾಬರು ಗಾಜಿನ ಕಪಾಟಿನಿಂದ ಒಂದು ಪೊಟ್ಟಣ ತೆಗೆದರು. ಹೆಬ್ಬೆರಳಿನಷ್ಟು ದಪ್ಪನೆಯ ಕೇಬಲ್, ತುದಿಗಳಲ್ಲಿ ಹೊಂಬಣ್ಣದ ಪಿನ್ನುಗಳು. ಅದರ ಬೆಲೆಗೆ ಮಾಮೂಲಿ ಕೇಬಲ್ಲುಗಳನ್ನು ಒಂದು ಹೊರೆ ತರಬಹುದಿತ್ತು.

"ಇದು ಹಾಕಿದ್ರೆ ಚಿತ್ರ ಬದಲಾಗ್ತೈತಾ?" ಎಂದೆ.

"ಕೆಲವ್ರು ಆಗ್ತೈತೆ ಅಂತಾರೆ. ನಾನು ಹೌದು ಅಂದ್ರೆ ನೀವು ನಂಬ್ತೀರಾ? ತಗೊಂಡು ಹೋಗ್ರಿ, ಹಾಕಿ ನೋಡ್ರಿ. ಬ್ಯಾಡಾದ್ರೆ ವಾಪಸ್ ತರ್ರಿ. ನಿಮ್ಮಂಥ ಗಿರಾಕಿ ಜೊತೆ ಬಹಸ್ ಮಾಡೋಕೆ ನನ್ಗೆ ಪುರುಸೊತ್ತಿಲ್ಲ."

ಅಂಗಡಿಯಿಂದ ಹೊರಗೆ ಬಂದ ಮೇಲೆ ಅಕ್ಕನ ಮಗ ಮೆಲ್ಲಗೆ ಉಳಿದ ವಿಷಯ ಹೇಳಿದ.

"ಮಾವ, ಅವ್ವ ಒಂದು ಮಾತು ಮನಸ್ಸಿಗೆ ಹಾಕ್ಕೊಂಡು ಕುಂತೈತೆ. ಹೊಸ ವೈರು ಹಾಕಿದ್ಮ್ಯಾಲೆ ಬಣ್ಣ ಸರಿಯಾದ್ರೆ ಸರಿ. ಆಗ್ಲಿಲ್ಲ ಅಂದ್ರೆ ತನ್ನ ಕಣ್ಣೇ ಕೆಟ್ಟೈತೆ ಅಂತ. ಇನ್ಮ್ಯಾಲೆ ನೂಲು ಮುಟ್ಟಲ್ವಂತೆ. ಬಣ್ಣ ನೀವೇ ನೋಡ್ಕಳ್ರಿ ಅಂತೈತೆ."

ಮೊಳಕಾಲ್ಮೂರಿನ ಬಸ್ಸಿನಲ್ಲಿ ಕುಳಿತಾಗ ನನ್ನ ಮನಸ್ಸು ವಿಚಿತ್ರವಾದ ಇಕ್ಕಟ್ಟಿಗೆ ಸಿಲುಕಿತ್ತು. ದುಬಾರಿ ಕೇಬಲ್ಲಿನಿಂದ ಏನೂ ಆಗದು ಎಂಬ ನನ್ನ ಮಾತು ನಿಜವಾದರೆ ಅಕ್ಕ ತನ್ನ ಕಣ್ಣಿಗೆ ತಾನೇ ಶಿಕ್ಷೆ ವಿಧಿಸುತ್ತಾಳೆ. ಸುಳ್ಳಾದರೆ ಅವಳು ಮತ್ತೆ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನ ವಾದ ಸೋಲಲಿ ಎಂದು ಹಾರೈಸುತ್ತ ಪ್ರಯಾಣ ಮಾಡಿದೆ.

ಅಕ್ಕ ಮಗ್ಗದ ಕೋಣೆಯಲ್ಲಿದ್ದಳು. ಟಿ.ವಿ. ಇದ್ದದ್ದೂ ಅಲ್ಲೇ, ನೇಯುವವರಿಗೆ ಹಾಡು, ಮಾತು ಕೇಳಿಸುತ್ತಿರಲಿ ಎಂದು. ಆ ಕೋಣೆಗೆ ಕಾಲಿಟ್ಟೊಡನೆ ಪಾದಕ್ಕೆ ತಂಪು ತಗಲುತ್ತಿತ್ತು. ನಮ್ಮ ಕಡೆಯ ಒಣಗಾಳಿಗೆ ರೇಷ್ಮೆಯ ಎಳೆ ಗಡುಸಾಗಿ ತುಂಡಾಗುತ್ತದೆ. ಅದಕ್ಕಾಗಿ ಕಿಟಕಿಗೆ ಗೋಣಿಚೀಲ ಕಟ್ಟಿ ದಿನವಿಡೀ ನೀರು ಚಿಮುಕಿಸುತ್ತಿದ್ದರು. ಕಿಟಕಿಯ ಕೆಳಗಿನ ಗೂಡಿನಲ್ಲಿ ಪ್ಲೇಯರು, ಅದರ ಪಕ್ಕದ ಮೇಜಿನ ಮೇಲೆ ಟಿ.ವಿ.

"ಬಾರೋ ತಮ್ಮಾ. ನನ್ನ ಕಣ್ಣಿಗೆ ವೈರು ತಂದ್ಯಾ?" ಎಂದಳು. ನಗುತ್ತಲೇ ಹೇಳಿದಳು, ಆದರೆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಕೈಗಳನ್ನು ನಾನು ಹಾಗೆ ಖಾಲಿಯಾಗಿ ನೋಡಿರಲಿಲ್ಲ.

ಮಗ ಹಳೆಯ ಕೇಬಲ್ಲನ್ನು ಕಿತ್ತು ಹೊಸದನ್ನು ಸಿಕ್ಕಿಸಿದ. ಮದುವೆಯ ಚಿತ್ರ ಬಂತು. ಅಕ್ಕ ದಡಕ್ಕನೆ ಎದ್ದು ನಿಂತಳು.

"ಇದೇ! ಇದೇ ಕಣ್ರೋ ನಮ್ಮ ಗಿಣಿ ಹಸಿರು!"

ನನ್ನ ವಾದ ಸೋತಿತು, ಸಂತೋಷವಾಯಿತು. ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ಕದಿರಿಗೆ ನೂಲು ಸುತ್ತುತ್ತಿದ್ದ ಸೊಸೆ ಅಲ್ಲಿಂದಲೇ ಹೇಳಿದಳು:

"ಅತ್ತೆ, ನಮ್ಗೆ ಮುಂಚೇನೂ ಹಿಂಗೇ ಕಾಣ್ತಿತ್ತು. ಭಾರೀ ವೈರು ತಂದವ್ರೆ ಅಂತ ನಿಮ್ಗೆ ಈಗ ಚೆಂದ ಕಾಣ್ತೈತೋ ಏನೋ."

ಅವಳು ಕೆಡುಕಿನಿಂದ ಆಡಿದ ಮಾತಲ್ಲ. ಆದರೂ ಅಕ್ಕನ ಮುಖದ ಬೆಳಕು ಇಳಿಯಿತು. ಕೂತಳು. ನನ್ನ ಕಡೆ ತಿರುಗಿ, "ಹೌದೇನೋ? ನನ್ನ ಕಣ್ಣು ನನ್ಗೇ ಸುಳ್ಳು ಹೇಳ್ತೈತಾ?" ಎಂದಳು.

ಈ ಪ್ರಶ್ನೆಗೆ ಸಮಾಧಾನದ ಮಾತು ಉತ್ತರವಾಗುತ್ತಿರಲಿಲ್ಲ. "ಸುಳ್ಳೋ ನಿಜವೋ ನೋಡೇಬಿಡೋಣ" ಎಂದೆ. ಮಗ ತಲೆ ಚಚ್ಚಿಕೊಂಡ. "ಮಾವ, ಸರಿಯಾಗೈತೆ, ಬಿಟ್ಬಿಡ್ರಿ!" ಆದರೆ ಅಕ್ಕ, "ಲೇ, ಸುಮ್ಕಿರು. ನನ್ಗೂ ಗೊತ್ತಾಗ್ಬೇಕು" ಎಂದಳು.

ಪರೀಕ್ಷೆಯ ಕ್ರಮ ನನ್ನದಲ್ಲ, ಅಕ್ಕನದೇ. ಎರಡು ಸಲ ಬಣ್ಣ ಹಾಕಿಸಿದ ನೂಲು ಒಂದೇ ಆಗಿದೆಯೇ ಎಂದು ನೋಡಬೇಕಾದಾಗ ಅವಳು ಲಡಿಗಳನ್ನು ಬೇರೆಯವರ ಕೈಗೆ ಕೊಟ್ಟು, ತಾನು ಅಂಗಳಕ್ಕೆ ಹೋಗಿ ಬೇವಿನ ಗಿಡವನ್ನು ನೋಡುತ್ತ ನಿಲ್ಲುತ್ತಿದ್ದಳು. ಕಣ್ಣಿನಲ್ಲಿ ಉಳಿದ ಬಣ್ಣವನ್ನು ತೊಳೆದುಕೊಳ್ಳುವುದು ಎಂದು ಅದಕ್ಕೆ ಹೆಸರು. ಆಮೇಲೆ ಬಂದು, ಯಾವುದು ಯಾವ ಸಲದ್ದೆಂದು ತಿಳಿಯದೆಯೇ ತೀರ್ಪು ಕೊಡುತ್ತಿದ್ದಳು. ಈಗಲೂ ಹಾಗೆಯೇ ಅಂಗಳಕ್ಕೆ ನಡೆದಳು. ಒಳಗೆ ನಾನು ಒಮ್ಮೆ ಹಳೆಯದನ್ನು, ಒಮ್ಮೆ ಹೊಸದನ್ನು ಹಾಕುತ್ತ, ಕೆಲವೊಮ್ಮೆ ಹಾಕಿದ್ದನ್ನೇ ಬಿಡುತ್ತ, ಕೇಬಲ್ ಕಾಣದಂತೆ ಟಿ.ವಿ.ಯ ಹಿಂಬದಿಗೂ ಪ್ಲೇಯರಿಗೂ ಟವೆಲ್ ಮುಚ್ಚಿ ಕರೆಯುತ್ತಿದ್ದೆ.

ಅವಳು ಒಮ್ಮೆಯೂ ತಪ್ಪಲಿಲ್ಲ. "ಬಾಡೈತೆ" ಎಂದಾಗಲೆಲ್ಲ ಹಳೆಯದಿತ್ತು. "ಚಿಗುರೈತೆ" ಎಂದಾಗಲೆಲ್ಲ ಹೊಸದು. ಸೊಸೆ ಕದಿರು ಬಿಟ್ಟು ಎದ್ದುಬಂದು ಟಿ.ವಿ.ಯ ಮುಂದೆ ನಿಂತಳು. "ಹೌದಲ್ವಾ ಅತ್ತೆ, ಬಾಡೈತೆ!" ಎಂದು ಅವಳೇ ಬೆರಗಾದಳು. ದಿನವೂ ಸಿ.ಡಿ. ಹಾಕಿ ನೋಡುತ್ತಿದ್ದವರಿಗೆ ಬಣ್ಣ ಮೆಲ್ಲಮೆಲ್ಲಗೆ ಇಳಿದದ್ದು ತಿಳಿದೇ ಇರಲಿಲ್ಲ. ಪೊರೆ ತೆಗೆಸಿದ ಮೇಲೆ ಟಿ.ವಿ. ನೋಡಬಾರದೆಂದು ಡಾಕ್ಟರು ಹೇಳಿದ್ದರಿಂದ, ಕೆಲವು ವಾರ ಬಿಟ್ಟು ಹೊಸದಾಗಿ ನೋಡಿದವಳು ಅಕ್ಕ ಒಬ್ಬಳೇ.

ಅಲ್ಲಿಗೆ ಕಣ್ಣಿನ ಪ್ರಶ್ನೆ ಮುಗಿದಂತಾಯಿತು. ಕೇಬಲ್ಲಿನದು ಮುಗಿದಿರಲಿಲ್ಲ. ಹಳೆಯದರ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಪ್ಲೇಯರಿನ ಕಡೆ ಇದ್ದ ಹಳದಿ ಪಿನ್ನು ಹಸಿರುಗಟ್ಟಿತ್ತು, ತೊಳೆಯದ ದೇವರ ದೀಪದ ಹಾಗೆ. ಮೇಲೆ ನೋಡಿದೆ. ಒದ್ದೆ ಗೋಣಿಯ ತುದಿಯಿಂದ ಒಂದು ಹನಿ ಇಳಿಯುತ್ತಿತ್ತು. ನೂಲು ಹಾಳಾಗಬಾರದೆಂದು ಚಿಮುಕಿಸಿದ ನೀರು ಸೀರೆಯ ಬಣ್ಣವನ್ನು ಟಿ.ವಿ.ಯಲ್ಲಿ ಹಾಳುಮಾಡಿತ್ತು.

ಸೊಸೆ ಹುಣಸೆಹಣ್ಣು ತಂದಳು. ದೀಪ ಬೆಳಗುವ ಹಾಗೆಯೇ ಪಿನ್ನನ್ನು ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟಳು. ಪ್ಲೇಯರಿನ ತೂತನ್ನು ನಾನು ಒಣ ಹತ್ತಿಯಿಂದ ಒರೆಸಿದೆ. ಊಟವಾದ ಮೇಲೆ ಮತ್ತೆ ಅಕ್ಕ ಅಂಗಳಕ್ಕೆ ಹೋದಳು.

ಈ ಸಲ ಅವಳು ಬಂದು ನೋಡಿದಳು, ಹೋದಳು, ಮತ್ತೆ ಬಂದಳು. ಕೊನೆಗೆ ರೇಗಿದಳು. "ಏನೋ ಆಟ ಆಡ್ತೀಯಾ? ಬದಲಾಯಿಸ್ತಾನೇ ಇಲ್ಲ ನೀನು. ಎಲ್ಲಾ ಒಂದೇ." ನಾನು ಪ್ರತಿ ಸಲವೂ ಬದಲಾಯಿಸಿದ್ದೆ.

ಇನ್ನೊಮ್ಮೆ ಎಂದು ಬೇಡಿಕೊಂಡು ಕಳಿಸಿದೆ. ಬಂದವಳು ಬಾಗಿಲಲ್ಲೇ ನಿಂತು, "ಈಗ ಬೇರೆ ಐತೆ. ತೆಳ್ಳಗೈತೆ" ಎಂದಳು. ನನಗೆ ಅಚ್ಚರಿ; ಆ ಸಲ ನಾನು ಕೇಬಲ್ಲನ್ನು ಮುಟ್ಟಿಯೇ ಇರಲಿಲ್ಲ. ಎಲ್ಲರೂ ಸುತ್ತ ನೋಡಿದೆವು. ಗೋಣಿಯ ಹನಿ ಮತ್ತೆ ಬೀಳದಿರಲೆಂದು ಸೊಸೆ ಅದರ ಒಂದು ಮೂಲೆಯನ್ನು ಎತ್ತಿ ಕಟ್ಟಿದ್ದಳು. ಅಲ್ಲಿಂದ ನುಸುಳಿದ ಬೆಳಕಿನ ಒಂದು ಎಳೆ ಪರದೆಯ ಅಂಚಿಗೆ ಬಿದ್ದಿತ್ತು.

"ಅವ್ವೋ," ಎಂದ ಮಗ, "ಈ ಕಣ್ಣು ಕೆಟ್ಟೈತೆ ಅಂದವ್ರು ಯಾರು?"

"ನಿನ್ನ ಹೆಂಡ್ರು" ಎಂದಳು ಅಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೊಸೆಯೇ.

ಟಿ.ವಿ.ಯನ್ನೂ ಪ್ಲೇಯರನ್ನೂ ಒಣಗಿದ ಗೋಡೆಯ ಕಡೆಗೆ ಸರಿಸಿದೆವು. ದುಬಾರಿ ಕೇಬಲ್ಲನ್ನು ಸುತ್ತಿ ಪೊಟ್ಟಣಕ್ಕೆ ಹಾಕಿದೆ. ಚಳ್ಳಕೆರೆಗೆ ಮರಳಿ ಸಾಬರಿಗೆ ಕೊಟ್ಟಾಗ ಅವರು ಎಲ್ಲವನ್ನೂ ಕೇಳಿದರು. ಕೇಳಿ, "ಯಜಮಾನ್ರೆ, ಒಂದು ಮಾತು. ಈ ಹೊನ್ನಿನ ಪಿನ್ನು ಅಷ್ಟು ಬೇಗ ಹಸಿರು ಹಿಡೀತಿರ್ಲಿಲ್ಲ" ಎಂದರು. ಅದು ನ್ಯಾಯವಾದ ಮಾತು, ಒಪ್ಪಿಕೊಂಡೆ. ಒದ್ದೆ ಮೂಲೆ ಬಿಟ್ಟರೆ ಬೇರೆ ಜಾಗವಿಲ್ಲದ ಮನೆಗೆ ಅದು ಉಪಯೋಗಕ್ಕೆ ಬಂದೀತು. ಬಹು ಉದ್ದದ ದಾರಿಗೂ ಬಂದೀತೇನೋ. ನಾನು ಪರೀಕ್ಷಿಸಿಲ್ಲವಾದ್ದರಿಂದ ತೀರ್ಪು ಕೊಡಲಾರೆ. ಆದರೆ ಮೇಜಿನಿಂದ ಮೇಜಿಗೆ ಹೋಗುವ ಕೇಬಲ್ಲಿಗೆ, ಪಿನ್ನು ಶುಚಿಯಾಗಿದ್ದು ಬಿಗಿಯಾಗಿ ಕೂತಿದ್ದರೆ ಸಾಕು. ಹೆಚ್ಚಿನ ಬೆಲೆ ತೆತ್ತವನಿಗೆ ಚಿತ್ರ ಚೆನ್ನಾಗಿ ಕಂಡರೆ, ಅವನು ಮೊದಲು ತನ್ನ ಹಳೆಯ ಪಿನ್ನನ್ನು ಉಜ್ಜಿ ನೋಡಲಿ.

ಇದೆಲ್ಲ ಆಮೇಲಿನ ಮಾತು. ಪರೀಕ್ಷೆಯ ಮರುದಿನ ಬೆಳಿಗ್ಗೆ ನಾನಿನ್ನೂ ಮೊಳಕಾಲ್ಮೂರಿನಲ್ಲೇ ಇದ್ದೆ. ಎದ್ದು ಹೊರಗೆ ಬಂದರೆ ಅಕ್ಕ ತಲೆಬಾಗಿಲ ಹೊಸ್ತಿಲಲ್ಲಿ ನಿಂತಿದ್ದಳು. ಎರಡು ಕೈಗಳಲ್ಲೂ ನೂಲಿನ ಲಡಿಗಳು. ಮುಂದಿನ ಸೀರೆಯ ಹಾಸಿನ ಎಳೆಗೆ ನೇರಳೆ ಬಣ್ಣವನ್ನು ಆರಿಸುತ್ತಿದ್ದಳು. ನನ್ನನ್ನು ಕಂಡು ಎರಡನ್ನೂ ನನ್ನ ಮುಂದೆ ಹಿಡಿದಳು.

"ಯಾವುದು ಚೆಂದೈತೆ ಹೇಳು."

ನಾನು ಬಹಳ ಹೊತ್ತು ನೋಡಿದೆ. ಬೇವಿನ ಗಿಡವನ್ನೂ ನೋಡಿ ಬಂದೆ. "ಅಕ್ಕಾ, ಎರಡೂ ಒಂದೇ ಅಲ್ವಾ?"

ಅವಳು ಲಡಿಗಳನ್ನು ಮಡಿಲಿಗೆ ಹಾಕಿಕೊಂಡು ಮಗನನ್ನು ಕೂಗಿದಳು. "ಲೇ, ಆ ದಪ್ಪ ವೈರು ಇನ್ನೂ ಇಲ್ಲೇ ಐತಾ? ನಿಮ್ಮ ಮಾವನ ಕಣ್ಣಿಗೆ ಹಾಕಿ ನೋಡ್ರೋ."