ಅವ್ವನಿಗೆಂದು ಹಾಡಿದ ಮಗ್ಗದ ಪದ

ಎಣ್ಣೆ ಬೆಲೆ ಬಿದ್ದು ಹ್ಯೂಸ್ಟನ್ನಿನಲ್ಲಿ ಮನೆಗೊಬ್ಬರ ಕೆಲಸ ಹೋದ ಕಾಲ ಅದು. ನಮ್ಮ ಮನೆಯವರದ್ದೂ ಹೋಯಿತು. ಬೇರೆ ಕಂಪನಿ ಸಿಕ್ಕಿದರೂ ವೀಸಾ ಬರಬೇಕಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಅವ್ವ ಹಾಸಿಗೆ ಹಿಡಿದಳು. ಈಗ ದೇಶ ಬಿಟ್ಟರೆ ವಾಪಸ್ ಬರುವುದು ಕಷ್ಟ ಎಂದರು ಲಾಯರು. ಸುಡುಗಾಡು ವೀಸಾ! ಹೆತ್ತವ್ವನ ಮುಖ ನೋಡಲಿಕ್ಕೂ ಯಾರದೋ ಅಪ್ಪಣೆಗೆ ಕಾಯಬೇಕಾಯಿತು.

ಹ್ಯೂಸ್ಟನ್ನಿನ ಅಂಚಿನ ಪೇರ್ಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯವಳು ಬಾರ್ಸಿಲೋನಾ ಕಡೆಯವಳು. ನಿನ್ನ ಭಾಷೆ ಸ್ಪ್ಯಾನಿಷಾ ಎಂದರೆ ಸಿಟ್ಟಾಗುತ್ತಿದ್ದಳು; ಕತಲಾನ್ ಎಂದು ತಿದ್ದುತ್ತಿದ್ದಳು. ಗಿಡಗಳಿಗೆ ನೀರು ಹಾಕುತ್ತ ಅವಳು ಹಾಡುತ್ತಿದ್ದ ಹಾಡೊಂದರ ಅರ್ಥ ಕೇಳಿದೆ. ಬಟ್ಟೆ ಗಿರಣಿಯಲ್ಲಿ ದುಡಿದ ಅವಳ ಅಜ್ಜಿಯ ಹಾಡಂತೆ. ಸರ್ವಾಧಿಕಾರಿಯ ಆಳ್ವಿಕೆಯಲ್ಲಿ, ಆ ಭಾಷೆ ಆಡಿದರೆ ಶಾಲೆಯಲ್ಲಿ ಪೆಟ್ಟು ಬೀಳುತ್ತಿದ್ದ ಕಾಲ; ಮಗ್ಗಗಳ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲವೆಂದು ಹೆಂಗಸರು ಅಲ್ಲೇ ಹಾಡಿಕೊಳ್ಳುತ್ತಿದ್ದರು. ಗಂಡ ಗಡಿ ದಾಟಿ ಹೋಗಿದ್ದಾನೆ, ಕೂಲಿ ರೊಟ್ಟಿಗೂ ಸಾಲದು, ಆದರೂ ಮಗ್ಗವೇ ನಿಲ್ಲಬೇಡ, ಅವನಿರುವ ಊರು ಮುಟ್ಟುವಷ್ಟು ಉದ್ದ ನೇಯುತ್ತೇನೆ. ಇಷ್ಟೇ ಹಾಡು.

ಅವ್ವ ನೆನಪಾದಳು. ಅಪ್ಪ ಸತ್ತ ಮೇಲೆ ಅವ್ವ ಹತ್ತಿ ಗಿರಣಿಗೆ ಹೋಗಿಯೇ ನನ್ನನ್ನೂ ಅಣ್ಣನನ್ನೂ ಸಾಕಿದ್ದು. ಸಂಜೆ ತಲೆಗೂದಲಿಗೆ ಅರಳೆ ಅಂಟಿಸಿಕೊಂಡು ಬಂದು, ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು. ಅಳು ಬಂದಾಗಲೇ ಜೋರಾಗಿ ಹಾಡಬೇಕು ಎನ್ನುವ ಹಟಮಾರಿ. ಈ ಹಾಡನ್ನು ಅವ್ವ ಕೇಳಲೇಬೇಕು ಎನಿಸಿತು. ಅವಳಿಗೆ ಕೊಡಲು ಇಲ್ಲಿಂದ ನನ್ನ ಹತ್ತಿರ ಇನ್ನೇನಿತ್ತು? ಪಕ್ಕದ ಮನೆಯ ಗೆಳತಿಯ ಜೀವ ತಿಂದು ಧಾಟಿ ಕಲಿತೆ. ಮಾತುಗಳನ್ನು ನಮ್ಮ ಕಡೆಯ ಬೀಸುವ ಪದದ ಹಾಗೆ ಕನ್ನಡಕ್ಕೆ ತಂದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಅಣ್ಣನಿಗೆ ಫೋನು ಮಾಡಿ, ಅವ್ವನ ಕಿವಿಗೆ ಹಿಡಿ ಎಂದೆ. ಮಲಗಿದ್ದಾಳೆ ಎಂದ. ವಿಡಿಯೋಕ್ಕೆ ನೆಟ್‌ವರ್ಕ್ ಇಲ್ಲ ಎಂದ. ನಾನು ಬಿಡಲಿಲ್ಲ. ಕೊನೆಗೆ, "ಹಿಡದೀನಿ. ಕೇಳಾಕತ್ತಾಳ, ಹಾಡವಾ" ಎಂದ.

"ನಿಲಬ್ಯಾಡ ಮಗ್ಗವ್ವ, ನೂಲಿನ್ನ ಮುಗಿದಿಲ್ಲ" ಎಂದು ಶುರು ಮಾಡಿ ಕೊನೆಯವರೆಗೂ ಹಾಡಿದೆ. ಆ ಕಡೆ ಬಿಕ್ಕುವುದು ಕೇಳಿಸಿತು. ಅಳುವವಳು ಅವ್ವ, ಅವಳಿಗೆ ಹಾಡು ತಿಳಿಯಿತು ಎಂದುಕೊಂಡೆ. ಆ ಖುಷಿಗೆ ಹೋಳಿಗೆ ಮಾಡಿ ಪಕ್ಕದ ಮನೆಗೂ ಕೊಟ್ಟೆ.

ಆಮೇಲೆ ಫೋನು ಮಾಡಿದಾಗಲೆಲ್ಲ ಅವ್ವ ಮಲಗಿದ್ದಾಳೆ ಎಂದೇ ಅಣ್ಣ ಹೇಳಿದ. ಕೊನೆಗೂ ವೀಸಾ ಬಂತು. ಟಿಕೆಟ್ ತೆಗೆಸುತ್ತೇನೆ ಎಂದು ಫೋನು ಮಾಡಿದಾಗ ಅಣ್ಣ ಬಾಯಿಬಿಟ್ಟ. ನಾನು ಹಾಡುವ ಹಿಂದಿನ ವಾರವೇ ಅವ್ವ ಹೋಗಿದ್ದಳು. ಬರಲಾಗದವಳಿಗೆ ಹೇಳಿ ಯಾಕೆ ಒದ್ದಾಡಿಸಬೇಕು, ಬಂದ ಮೇಲೆ ಹೇಳಿದರಾಯಿತು ಎಂದು ಮನೆಯ ಹಿರಿಯರು ತೀರ್ಮಾನಿಸಿದ್ದರಂತೆ. ದೂರ ಇರುವವರ ಮೇಲೆ ನಮ್ಮವರು ತೋರಿಸುವ ಕರುಣೆ ಇದು. ಬೆಂಕಿ ಬೀಳಲಿ ಆ ಕರುಣೆಗೆ. ಅವ್ವ ಮಣ್ಣಾಗಿದ್ದಳು, ನಾನು ಇಲ್ಲಿ ಹೋಳಿಗೆ ತಿಂದಿದ್ದೆ.

ಬಾಯಿಗೆ ಬಂದಂತೆ ಬೈದೆ. ಬೈದು ಬೈದು ದನಿ ಬಿದ್ದ ಮೇಲೆ ಕೇಳಿದೆ, "ಹಂಗಾರ ಅವತ್ತ ನಾ ಯಾರಿಗಿ ಹಾಡಿದೆ?"

"ನಾ ಕೇಳಿದ್ನಲ್ಲ ತಂಗಿ," ಎಂದ. "ನನಗೂ ಅವ್ವ ಹೋಗಿದ್ಲು."